ಗೇಮ್ ಎಂಜಿನ್: ಸ್ವತಂತ್ರ ನಿರ್ಮಾಪಕರಿಗೆ ರೆಕ್ಕೆಯೋ, ಮೂಗುದಾರವೋ?

ಡೆನ್ಮಾರ್ಕ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಯೂರಿದ ಯೂನಿಟಿ ಸಂಸ್ಥೆ 2023ರ ಸೆಪ್ಟೆಂಬರ್ 12ರಂದು ಹೊರಡಿಸಿದ ಒಂದು ಪ್ರಕಟಣೆ, ಜಗತ್ತಿನಾದ್ಯಂತ ಕಂಪ್ಯೂಟರ್ ಆಟಗಳನ್ನು ರೂಪಿಸುವ ಸಣ್ಣ ತಂಡಗಳ ನಿದ್ದೆಗೆಡಿಸಿತು. ತನ್ನ ತಂತ್ರಾಂಶ ಬಳಸಿ ಸಿದ್ಧಪಡಿಸಿದ ಆಟವೊಂದು ಗಳಿಕೆಯಲ್ಲೂ ಬಳಕೆದಾರರ ಸಂಖ್ಯೆಯಲ್ಲೂ ನಿಗದಿತ ಮಿತಿಯನ್ನು ದಾಟಿದರೆ, ಅಲ್ಲಿಂದಾಚೆಗೆ ಆ ಆಟ ಹೊಸದಾಗಿ ಯಾವುದೇ ಯಂತ್ರದಲ್ಲಿ ಅಳವಡಿಕೆಯಾದಾಗಲೆಲ್ಲ ನಿರ್ಮಾಪಕರು ಶುಲ್ಕ ತೆರಬೇಕು ಎಂಬುದು ಅದರ ಸಾರಾಂಶ. ವರ್ಷಗಟ್ಟಲೆ ದುಡಿದು ಆಟ ಮುಗಿಸಿದ್ದವರಿಗೂ, ಅರ್ಧ ದಾರಿಯಲ್ಲಿದ್ದವರಿಗೂ ತಮ್ಮ ಕೃತಿಯ ಅಡಿಪಾಯ ತಮ್ಮದಲ್ಲ ಎಂಬ ಸತ್ಯ ಅಂದು ಮನದಟ್ಟಾಯಿತು.

ಆ ಅಡಿಪಾಯದ ಹೆಸರೇ ಗೇಮ್ ಎಂಜಿನ್. ಆಟಗಾರನ ಕಣ್ಣಿಗೆ ಅದು ಬೀಳುವುದಿಲ್ಲ. ಆದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಒಬ್ಬರೋ ಇಬ್ಬರೋ ಸೇರಿ ಆಟ ಕಟ್ಟುವ 'ಇಂಡೀ' ಎಂಬ ಸ್ವತಂತ್ರ ವಲಯ ಇಂದು ಇರುವ ರೂಪಕ್ಕೆ ಬಂದದ್ದು ಬಹುಮಟ್ಟಿಗೆ ಅದರಿಂದಲೇ. ಸಿದ್ಧ ಸಲಕರಣೆಯು ಕಲ್ಪನೆಗೆ ಬಲ ಕೊಡುತ್ತದೆಯೇ, ಅಥವಾ ಎಲ್ಲರನ್ನೂ ಒಂದೇ ಅಚ್ಚಿಗೆ ಎರಕ ಹೊಯ್ಯುತ್ತದೆಯೇ ಎಂಬ ಚರ್ಚೆಗೆ ಹಿನ್ನೆಲೆಯಾಗಿರುವುದೂ ಇದೇ ಸಂಗತಿ.

ಎಂಜಿನ್ ಎಂದರೇನು?

ಯಕ್ಷಗಾನ ಮೇಳವೊಂದು ಊರೂರಿಗೆ ತಿರುಗುವಾಗ ರಂಗಸ್ಥಳ, ದೀಪ, ಚೆಂಡೆ ಮದ್ದಳೆ, ವೇಷಭೂಷಣದ ಪೆಟ್ಟಿಗೆ ಎಲ್ಲವೂ ಜೊತೆಯಲ್ಲೇ ಸಾಗುತ್ತವೆ. ಇರುಳಿಂದಿರುಳಿಗೆ ಬದಲಾಗುವುದು ಪ್ರಸಂಗ ಮಾತ್ರ. ಗೇಮ್ ಎಂಜಿನ್ ಕೂಡ ಹೆಚ್ಚುಕಡಿಮೆ ಅಂಥದ್ದೇ ವ್ಯವಸ್ಥೆ. ಪರದೆಯ ಮೇಲೆ ಚಿತ್ರ ಮೂಡಿಸುವುದು, ಬೆಳಕು ನೆರಳುಗಳ ಲೆಕ್ಕ, ಎರಡು ವಸ್ತುಗಳು ಡಿಕ್ಕಿಯಾದವೇ ಎಂಬ ತಪಾಸಣೆ, ಧ್ವನಿ, ಕೀಲಿಮಣೆ ಅಥವಾ ಸ್ಪರ್ಶದ ಸೂಚನೆಗಳ ಗ್ರಹಿಕೆ, ಒಂದೇ ಆಟವನ್ನು ಮೊಬೈಲಿಗೂ ಕಂಪ್ಯೂಟರಿಗೂ ಒಗ್ಗಿಸುವಿಕೆ - ಯಾವ ಆಟಕ್ಕಾದರೂ ಬೇಕಾಗುವ ಈ ಕೆಲಸಗಳನ್ನು ಎಂಜಿನ್ ವಹಿಸಿಕೊಳ್ಳುತ್ತದೆ. ಕಥೆ, ಪಾತ್ರ, ನಿಯಮ, ಚಿತ್ರ, ಸಂಗೀತಗಳನ್ನು ತುಂಬುವುದು ನಿರ್ಮಾಪಕನ ಹೊಣೆ.

ಡೂಮ್‌ನಿಂದ ಯೂನಿಟಿವರೆಗೆ

ಆರಂಭದ ದಶಕಗಳಲ್ಲಿ ಬಹುತೇಕ ಪ್ರತಿಯೊಂದು ಆಟವನ್ನೂ ಬುಡದಿಂದ ಬರೆಯಬೇಕಿತ್ತು. ಅಮೆರಿಕದ ಐಡಿ ಸಾಫ್ಟ್‌ವೇರ್ ಸಂಸ್ಥೆ 1993ರ ಡಿಸೆಂಬರ್‌ನಲ್ಲಿ ಹೊರತಂದ 'ಡೂಮ್' ಈ ಪದ್ಧತಿಯನ್ನು ಬದಲಿಸಿತು. ಜಾನ್ ಕಾರ್ಮ್ಯಾಕ್ ಬರೆದ ಮೂಲ ಪ್ರೋಗ್ರಾಮು ಒಂದೆಡೆ, ಚಿತ್ರ, ಶಬ್ದ, ಹಂತಗಳ ನಕ್ಷೆ ಇನ್ನೊಂದೆಡೆ ಎಂದು ಅದರಲ್ಲಿ ಸ್ಪಷ್ಟ ವಿಂಗಡಣೆಯಿತ್ತು. ಮೂಲವನ್ನು ಮುಟ್ಟದೆಯೇ ಹೊಸ ಹಂತಗಳನ್ನು ಕಟ್ಟಬಹುದೆಂದು ಆಟಗಾರರೇ ಕಂಡುಕೊಂಡರು. 1996ರಲ್ಲಿ ಅದೇ ಸಂಸ್ಥೆಯ 'ಕ್ವೇಕ್' ಬಂದಿತು. ಅದರ ಎಂಜಿನ್ನನ್ನು ಪರವಾನಗಿ ಪಡೆದು ತಿದ್ದಿಕೊಂಡು ವಾಲ್ವ್ ಸಂಸ್ಥೆ 1998ರಲ್ಲಿ 'ಹಾಫ್-ಲೈಫ್' ಆಟವನ್ನು ಹೊರತಂದರೆ, ಆ ಆಟವನ್ನು ಮಾರ್ಪಡಿಸಿ ಇಬ್ಬರು ಹವ್ಯಾಸಿಗಳು 1999ರಲ್ಲಿ 'ಕೌಂಟರ್-ಸ್ಟ್ರೈಕ್' ರೂಪಿಸಿದರು. ಇನ್ನೊಬ್ಬರ ಎಂಜಿನ್ ಮೇಲೆ ಹೊಸ ಕಲ್ಪನೆ ಬೆಳೆಯಬಲ್ಲದು ಎಂಬುದಕ್ಕೆ ಇದು ಮೊದಮೊದಲ ಸಾಕ್ಷ್ಯ.

1998ರಲ್ಲಿ ಎಪಿಕ್ ಸಂಸ್ಥೆಯ 'ಅನ್‌ರಿಯಲ್' ಬಂದ ಮೇಲೆ ಎಂಜಿನ್ ಮಾರಾಟವೇ ಸ್ವತಂತ್ರ ವ್ಯಾಪಾರವಾಯಿತು. ಆದರೆ ಪರವಾನಗಿಯ ಬೆಲೆ ಲಕ್ಷಾಂತರ ಡಾಲರ್. ಸಣ್ಣವರಿಗೆ ಅದು ಗಗನಕುಸುಮ. ಅವರ ಪಾಲಿಗೆ ಒದಗಿದ್ದು ನೆದರ್ಲೆಂಡ್ಸ್‌ನ ಪ್ರಾಧ್ಯಾಪಕ ಮಾರ್ಕ್ ಓವರ್‌ಮಾರ್ಸ್ 1999ರಲ್ಲಿ ಬಿಡುಗಡೆ ಮಾಡಿದ 'ಗೇಮ್‌ಮೇಕರ್'ನಂಥ ಸರಳ ಸಲಕರಣೆಗಳು.

ಯೂನಿಟಿಯ ಜನನ ಒಂದು ಸೋಲಿನಿಂದಾಯಿತು. ಕೋಪನ್‌ಹೇಗನ್‌ನ ಡೇವಿಡ್ ಹೆಲ್ಗಾಸನ್, ನಿಕೋಲಸ್ ಫ್ರಾನ್ಸಿಸ್ ಮತ್ತು ಯೋಆಖಿಮ್ ಆಂಟೆ 2005ರಲ್ಲಿ 'ಗೂಬಾಲ್' ಎಂಬ ಆಟವನ್ನು ಹೊರತಂದರು. ಆಟ ನಿರೀಕ್ಷಿಸಿದಷ್ಟು ಓಡಲಿಲ್ಲ; ಆದರೆ ಅದಕ್ಕೆಂದು ತಾವು ಕಟ್ಟಿಕೊಂಡ ಸಲಕರಣೆಯೇ ಹೆಚ್ಚು ಬೆಲೆಯುಳ್ಳದ್ದೆಂದು ಅವರಿಗೆ ಹೊಳೆಯಿತು. ಅದೇ ವರ್ಷದ ಜೂನ್‌ನಲ್ಲಿ ಆಪಲ್ ಕಂಪನಿಯ ಸಮ್ಮೇಳನದಲ್ಲಿ ಯೂನಿಟಿ ಅನಾವರಣಗೊಂಡಿತು. 2009ರಲ್ಲಿ ಅದರ ಮೂಲ ಆವೃತ್ತಿ ಉಚಿತವಾಯಿತು. 2010ರಲ್ಲಿ ಸಿದ್ಧ ಚಿತ್ರ, ಮಾದರಿ, ಪ್ರೋಗ್ರಾಮುಗಳ 'ಅಸೆಟ್ ಸ್ಟೋರ್' ಎಂಬ ಅಂಗಡಿ ತೆರೆಯಿತು. ಪೈಪೋಟಿಗೆ ಬಿದ್ದ ಎಪಿಕ್ 2014ರ ಮಾರ್ಚ್‌ನಲ್ಲಿ ತನ್ನ ಅನ್‌ರಿಯಲ್ 4 ಎಂಜಿನ್ನನ್ನು ತಿಂಗಳಿಗೆ 19 ಡಾಲರ್ ಬಾಡಿಗೆಗೆ ಕೊಟ್ಟು, ಮರುವರ್ಷ ಆ ಬಾಡಿಗೆಯನ್ನೂ ಕೈಬಿಟ್ಟಿತು. ಆಟ ಗಳಿಸಿದ ಮೇಲೆ ಶೇ 5ರಷ್ಟು ಗೌರವಧನ ಕೊಟ್ಟರೆ ಸಾಕೆಂಬುದು ಹೊಸ ಕರಾರು. 2020ರಲ್ಲಿ ಮೊದಲ 10 ಲಕ್ಷ ಡಾಲರ್ ಗಳಿಕೆಗೆ ಅದರಿಂದಲೂ ವಿನಾಯಿತಿ ದೊರೆಯಿತು.

ತೆರೆದ ಬಾಗಿಲು

ಇದರ ಫಲ ಕಣ್ಣೆದುರಿಗಿದೆ. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಪುಟ್ಟ ತಂಡ 2014ರಲ್ಲಿ ಸಾರ್ವಜನಿಕರಿಂದ 57 ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನ್ ಡಾಲರ್ ಚಂದಾ ಎತ್ತಿ 'ಹಾಲೋ ನೈಟ್' ಆಟಕ್ಕೆ ಕೈಹಾಕಿತು. ಯೂನಿಟಿಯಲ್ಲಿ ಸಿದ್ಧವಾಗಿ 2017ರಲ್ಲಿ ಬಿಡುಗಡೆಯಾದ ಆ ಆಟದಲ್ಲಿ ಕೀಟಗಳ ಪಾತಾಳಲೋಕವನ್ನು ಕೈಯಲ್ಲೇ ಚಿತ್ರಿಸಲಾಗಿದೆ. ಶತ್ರುಗಳ ವರ್ತನೆಯನ್ನು ನಿರ್ಧರಿಸಲು ತಂಡ ಬಳಸಿದ್ದು, ಸಾಲುಸಾಲು ಪ್ರೋಗ್ರಾಮು ಬರೆಯದೆ ಚೌಕಗಳನ್ನು ಗೆರೆಗಳಿಂದ ಜೋಡಿಸುತ್ತ ಹೋಗಬಹುದಾದ 'ಪ್ಲೇಮೇಕರ್' ಎಂಬ ಸಿದ್ಧ ಸಾಧನವನ್ನು. ಹೀಗೆ ಉಳಿದ ಶ್ರಮ ಚಿತ್ರಕ್ಕೂ ಲೋಕ ನಿರ್ಮಾಣಕ್ಕೂ ಸಂದಿತು.

ಅಮೆರಿಕದ ಟೋಬಿ ಫಾಕ್ಸ್ 2015ರಲ್ಲಿ ಹೊರತಂದ 'ಅಂಡರ್‌ಟೇಲ್' ಗೇಮ್‌ಮೇಕರ್‌ನ ಕೊಡುಗೆ. ಪ್ರೋಗ್ರಾಮಿಂಗ್ ಪಂಡಿತರು ಅದರ ಒಳರಚನೆಯನ್ನು ಕಂಡು ಹುಬ್ಬು ಗಂಟಿಕ್ಕಬಹುದು. ಆದರೆ ಎದುರಾಳಿಯನ್ನು ಕೊಲ್ಲದೆಯೂ ಕದನ ಮುಗಿಸಬಹುದು ಎಂಬ ಅದರ ಮೂಲ ಕಲ್ಪನೆ ಒಬ್ಬ ಸಂಗೀತಗಾರ-ಕಥೆಗಾರನದು. ಸರಳ ಸಲಕರಣೆ ಇಲ್ಲದಿದ್ದರೆ ಅಂಥ ಕಲ್ಪನೆ ಟಿಪ್ಪಣಿ ಪುಸ್ತಕದಲ್ಲೇ ಉಳಿಯುವ ಸಂಭವವಿತ್ತು. ಎಂಜಿನ್‌ಗಳ ಅತಿ ದೊಡ್ಡ ಉಪಕಾರ ಇದೇ: ಗಣಿತ ಬಲ್ಲವರಿಗಷ್ಟೇ ಮೀಸಲಾಗಿದ್ದ ಕ್ಷೇತ್ರಕ್ಕೆ ಚಿತ್ರಕಾರರು, ಲೇಖಕರು, ಸಂಗೀತಗಾರರು ಪ್ರವೇಶಿಸಿದರು.

ಒಂದೇ ಅಚ್ಚಿನ ಬೊಂಬೆಗಳು

ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ಎಂಜಿನ್ ಎಂದರೆ ಖಾಲಿ ಹಾಳೆಯಲ್ಲ. ಅದನ್ನು ತೆರೆದ ಕೂಡಲೇ ಬೆಳಕಿನ ಬಣ್ಣ, ಕ್ಯಾಮೆರಾದ ಕೋನ, ಗುರುತ್ವದ ಪ್ರಮಾಣ ಎಲ್ಲವೂ ಮೊದಲೇ ನಿಗದಿಯಾಗಿರುತ್ತವೆ. ಉದಾಹರಣೆಗೆ, ಯೂನಿಟಿಯಲ್ಲಿ ಗುರುತ್ವವು ಭೂಮಿಯದ್ದೇ, ಅಂದರೆ 9.81. ವಿಜ್ಞಾನದ ದೃಷ್ಟಿಯಿಂದ ಇದು ಸರಿ. ಆದರೆ ನೆಗೆದು ಸಾಗುವ ಆಟದಲ್ಲಿ ಈ ಪ್ರಮಾಣವನ್ನು ಹಾಗೆಯೇ ಬಿಟ್ಟರೆ ಪಾತ್ರವು ಗಾಳಿಯಲ್ಲಿ ತೇಲಿದಂತೆ ತೋರುತ್ತದೆ. ನುರಿತವರು ಏರುವಾಗ ಒಂದು ಗುರುತ್ವ, ಇಳಿಯುವಾಗ ಅದಕ್ಕಿಂತ ಹೆಚ್ಚಿನ ಗುರುತ್ವ ಇಟ್ಟು ನೆಗೆತಕ್ಕೆ ಕಸುವು ತುಂಬುತ್ತಾರೆ. ಹಾಗೆ ತಿದ್ದದ ನೂರಾರು ಆಟಗಳು ಒಂದೇ ಬಗೆಯಾಗಿ ತೇಲುತ್ತವೆ. ಆಟಗಾರನಿಗೆ ಕಾರಣ ತಿಳಿಯದಿದ್ದರೂ 'ಇದನ್ನು ಎಲ್ಲೋ ಆಡಿದಂತಿದೆ' ಎನಿಸುತ್ತದೆ.

ಸಲಕರಣೆಗೆ ಸುಲಭವಾದದ್ದು ಹೆಚ್ಚು ತಯಾರಾಗುತ್ತದೆ ಎಂಬುದು ಇನ್ನೊಂದು ಸಂಗತಿ. ಅನ್‌ರಿಯಲ್ ಹುಟ್ಟಿದ್ದೇ ಬಂದೂಕು ಹಿಡಿದು ಓಡುವ ಆಟಕ್ಕಾಗಿ. ಅಂಥ ಆಟಕ್ಕೆ ಬೇಕಾದುದೆಲ್ಲ ಅದರಲ್ಲಿ ಸಿದ್ಧವಿದೆ. ರೈತನೊಬ್ಬನ ವರ್ಷಚಕ್ರವನ್ನೋ ಪಗಡೆಯಂಥ ಹಾಸಿನ ಆಟವನ್ನೋ ಮಾಡಹೊರಟವನು ಆರಂಭದಿಂದಲೇ ಹರಿವಿಗೆ ಎದುರಾಗಿ ಈಜಬೇಕು.

ಮೂರನೆಯದು ವ್ಯಾಪಾರದ ಹಾವಳಿ. ಅಸೆಟ್ ಅಂಗಡಿಯಿಂದ ಪೂರ್ಣ ಮಾದರಿಯೊಂದನ್ನು ಕೊಂಡು, ಹೆಸರನ್ನಷ್ಟೇ ಬದಲಿಸಿ ಮಾರುವ ಪರಿಪಾಠ ಬೆಳೆಯಿತು. ವಾಲ್ವ್ ಸಂಸ್ಥೆಯ 'ಸ್ಟೀಮ್' ಮಾರುಕಟ್ಟೆ 2017ರ ಜೂನ್‌ನಿಂದ ಪ್ರತಿ ಆಟಕ್ಕೆ 100 ಡಾಲರ್ ಕಟ್ಟಿದ ಯಾರಿಗಾದರೂ ಬಾಗಿಲು ತೆರೆದ ಮೇಲೆ ಈ ಪ್ರವಾಹ ಹೆಚ್ಚಿತು. 2024ರೊಂದರಲ್ಲೇ ಅಲ್ಲಿ ಬಿಡುಗಡೆಯಾದ ಆಟಗಳು 18 ಸಾವಿರಕ್ಕೂ ಹೆಚ್ಚು. ಒಳ್ಳೆಯ ಆಟವೂ ಈ ಜಾತ್ರೆಯಲ್ಲಿ ಕಳೆದುಹೋಗುವ ಭಯ ಈಗ ಪ್ರತಿಯೊಬ್ಬ ಸ್ವತಂತ್ರ ನಿರ್ಮಾಪಕನಿಗೂ ಇದೆ.

ಅಚ್ಚನ್ನು ಮೀರಿದವರು

ಆದರೆ ದೋಷವೆಲ್ಲ ಸಲಕರಣೆಯದೇ ಎನ್ನುವಂತಿಲ್ಲ. ಬ್ರಿಟನ್‌ನ ಮೈಕ್ ಬಿತೆಲ್ ಅವರ 'ಥಾಮಸ್ ವಾಸ್ ಅಲೋನ್' ಆಟದಲ್ಲಿ ಪಾತ್ರಗಳೆಂದರೆ ಬಣ್ಣದ ಆಯತಗಳು ಮಾತ್ರ. ನಿರೂಪಕನ ಧ್ವನಿ ಆ ಆಯತಗಳಿಗೆ ಸ್ನೇಹ, ಅಸೂಯೆ, ಅಂಜಿಕೆಗಳನ್ನು ತುಂಬುತ್ತದೆ. ಚಿತ್ರ ಬಿಡಿಸುವ ಬಲವಿಲ್ಲದ ಕೊರತೆಯೇ ಅಲ್ಲಿ ಶೈಲಿಯಾಯಿತು. ಲ್ಯೂಕಸ್ ಪೋಪ್ ಅವರ 'ರಿಟರ್ನ್ ಆಫ್ ದಿ ಒಬ್ರಾ ಡಿನ್' 2018ರಲ್ಲಿ ಬಂದಿತು. ಹಳೆಯ ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆಯಂತೆ ಎರಡೇ ಬಣ್ಣಗಳ ಚುಕ್ಕೆಗಳಲ್ಲಿ ಮೂರು ಆಯಾಮದ ಹಡಗೊಂದನ್ನು ತೋರಿಸಲು ಅವರು ಎಂಜಿನ್ ಕೊಟ್ಟ ಬಣ್ಣಬೆಳಕನ್ನೆಲ್ಲ ಬದಿಗಿಟ್ಟು, ಚುಕ್ಕೆಗಳು ನಡುಗದಂತೆ ನಿಲ್ಲಿಸುವ ತಮ್ಮದೇ ವಿಧಾನವನ್ನು ರೂಪಿಸಬೇಕಾಯಿತು. ಕೆನಡಾದ ಸ್ಟುಡಿಯೊ ಎಂಡಿಎಚ್‌ಆರ್ 2017ರಲ್ಲಿ ಹೊರತಂದ 'ಕಪ್‌ಹೆಡ್' 1930ರ ದಶಕದ ಕಾರ್ಟೂನುಗಳಂತೆ ಕಾಗದದ ಮೇಲೆ ಒಂದೊಂದೇ ಚಿತ್ರ ಬಿಡಿಸಿ ಕಟ್ಟಿದ ಆಟ.

ಈ ಮೂರೂ ಆಟಗಳು ಯೂನಿಟಿಯಲ್ಲಿಯೇ ಸಿದ್ಧವಾದವು ಎಂದರೆ ನೋಡಿದವರಾರೂ ಊಹಿಸಲಾರರು. ನಿಗದಿತ ಮೌಲ್ಯಗಳನ್ನು ಪ್ರಶ್ನಿಸದೆ ಒಪ್ಪಿಕೊಂಡವರ ಆಟಗಳು ಒಂದೇ ತೆರನಾದವು. ಎಂಜಿನ್ನಿನ ಯಾವ ಭಾಗವನ್ನು ಇಟ್ಟುಕೊಳ್ಳಬೇಕು, ಯಾವುದನ್ನು ತೆಗೆಯಬೇಕು ಎಂದು ತೀರ್ಮಾನಿಸಿದವರ ಆಟಗಳು ಬೇರೆಯಾಗಿ ನಿಂತವು.

ಸ್ವಂತ ಎಂಜಿನ್‌ನ ಹಾದಿ

ಕೆಲವು ಕಲ್ಪನೆಗಳಿಗೆ ಸಿದ್ಧ ಎಂಜಿನ್ ಸಾಲದೆಂಬುದೂ ನಿಜ. ಫಿನ್ಲೆಂಡ್‌ನ ಮೂವರು ನಿರ್ಮಾಪಕರು 2020ರಲ್ಲಿ ಪೂರ್ಣಗೊಳಿಸಿದ 'ನೊಯಿಟಾ' ಆಟದಲ್ಲಿ ಪರದೆಯ ಒಂದೊಂದು ಚುಕ್ಕೆಗೂ ಸ್ವಂತ ಗುಣವಿದೆ. ಮರಳು ಜಾರುತ್ತದೆ, ಎಣ್ಣೆ ನೀರಿನ ಮೇಲೆ ತೇಲುತ್ತದೆ, ಮರ ಉರಿಯುತ್ತದೆ. ಇದನ್ನು ಸಾಧಿಸಲು ಅವರು ತಮ್ಮದೇ ಎಂಜಿನ್ ಬರೆದರು. ಬಿಲ್ಲಿ ಬಾಸೊ ಎಂಬ ಒಬ್ಬರೇ ಸುಮಾರು ಏಳು ವರ್ಷ ದುಡಿದು 2024ರಲ್ಲಿ ಹೊರತಂದ 'ಅನಿಮಲ್ ವೆಲ್' ಆಟದ ಎಂಜಿನ್ ಕೂಡ ಸ್ವಂತದ್ದು. ಅವರ ಆಟದ ಕಡತದ ಗಾತ್ರ 40 ಮೆಗಾಬೈಟ್‌ಗಿಂತಲೂ ಕಡಿಮೆ.

ಎರಡರ ನಡುವಿನ ದಾರಿಯೂ ಇದೆ. ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ದುಡಿದು 2016ರಲ್ಲಿ ಬಿಡುಗಡೆ ಮಾಡಿದ ಬೇಸಾಯದ ಆಟ 'ಸ್ಟಾರ್‌ಡ್ಯೂ ವ್ಯಾಲಿ' ಮೈಕ್ರೋಸಾಫ್ಟ್‌ನ ಎಕ್ಸ್‌ಎನ್ಎ ಎಂಬ ಹಗುರ ಚೌಕಟ್ಟಿನ ಮೇಲೆ ನಿಂತಿತ್ತು. 2024ರ ಫೆಬ್ರುವರಿಯಲ್ಲಿ ಬಂದ ಇಸ್ಪೀಟಿನ ಆಟ 'ಬಲಾಟ್ರೊ' ಉಚಿತವಾದ 'ಲವ್' ಎಂಬ ಚೌಕಟ್ಟಿನಲ್ಲಿ ಒಬ್ಬನೇ ನಿರ್ಮಾಪಕ ರೂಪಿಸಿದ್ದು. ವರ್ಷ ತುಂಬುವುದರೊಳಗೆ ಅದರ 50 ಲಕ್ಷ ಪ್ರತಿಗಳು ಖರ್ಚಾದವು. ಇಂಥ ಚೌಕಟ್ಟುಗಳು ಕಡಿಮೆ ಕೊಡುತ್ತವೆ, ಕಡಿಮೆ ಹೇರುತ್ತವೆ. ಆದರೆ ಸಮಯದ ಲೆಕ್ಕ ಮರೆಯುವಂತಿಲ್ಲ. ಎಂಜಿನ್ ಬರೆಯುತ್ತ ಬರೆಯುತ್ತ ಆಟವನ್ನೇ ಮುಗಿಸದೆ ಕೈಚೆಲ್ಲಿದವರು ಬಹಳ ಮಂದಿ.

ಅನ್‌ರಿಯಲ್ 5 ತಂದ ಹೊಸ ಪ್ರಶ್ನೆ

2022ರ ಏಪ್ರಿಲ್‌ನಲ್ಲಿ ಪೂರ್ಣರೂಪದಲ್ಲಿ ಬಂದ ಅನ್‌ರಿಯಲ್ 5, ಈ ಚರ್ಚೆಗೆ ಹೊಸ ತಿರುವು ನೀಡಿತು. ಅದರ 'ನ್ಯಾನೈಟ್' ತಂತ್ರವು ಕೋಟ್ಯಂತರ ಸೂಕ್ಷ್ಮ ತ್ರಿಕೋನಗಳುಳ್ಳ ಮಾದರಿಯಲ್ಲಿ ಕಣ್ಣಿಗೆ ಬೀಳುವಷ್ಟನ್ನು ಮಾತ್ರ ಆರಿಸಿ ತೋರಿಸುತ್ತದೆ. 'ಲ್ಯೂಮೆನ್' ಗೋಡೆಯಿಂದ ಗೋಡೆಗೆ ಪುಟಿಯುವ ಬೆಳಕನ್ನು ಆಟ ನಡೆಯುತ್ತಿರುವಾಗಲೇ ಲೆಕ್ಕ ಹಾಕುತ್ತದೆ. ಹಿಂದೆ ಕಲಾವಿದರು ವಾರಗಟ್ಟಲೆ ಮಾಡುತ್ತಿದ್ದ ಕೆಲಸ ಇದರಿಂದ ಹಗುರಾಯಿತು.

ಫ್ರಾನ್ಸ್‌ನ ಮಾಂಪೆಲಿಯೆ ನಗರದ ಸ್ಯಾಂಡ್‌ಫಾಲ್ ಸಂಸ್ಥೆ ಈ ಬಲವನ್ನು ಚೆನ್ನಾಗಿ ದುಡಿಸಿಕೊಂಡಿತು. ಸುಮಾರು 30 ಜನರ ಮೂಲ ತಂಡ, ಹೊರಗಿನ ಹಲವರ ನೆರವಿನೊಡನೆ, 2025ರ ಏಪ್ರಿಲ್‌ನಲ್ಲಿ ಹೊರತಂದ 'ಕ್ಲೇರ್ ಒಬ್ಸ್ಕೂರ್: ಎಕ್ಸ್‌ಪೆಡಿಶನ್ 33' ನೋಟದಲ್ಲಿ ನೂರಾರು ಜನರ ಸಂಸ್ಥೆಗಳ ಆಟಗಳಿಗೆ ಸರಿಸಾಟಿಯಾಗಿ ನಿಂತು, ಅದೇ ಡಿಸೆಂಬರ್‌ನ 'ದಿ ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ ವರ್ಷದ ಆಟ ಎಂಬ ಪ್ರಶಸ್ತಿ ಪಡೆಯಿತು.

ಆದರೂ ಇದರಲ್ಲೊಂದು ಬಲೆಯಿದೆ. ಬಂಡೆಯೊಂದು ಛಾಯಾಚಿತ್ರದಷ್ಟು ನೈಜವಾಗಿದ್ದರೆ ಅದರ ಪಕ್ಕದಲ್ಲಿ ನಿಂತ ಮನುಷ್ಯನ ಮುಖ, ನಡಿಗೆ, ಬಟ್ಟೆಯ ಸುಕ್ಕು ಎಲ್ಲವೂ ಅಷ್ಟೇ ನೈಜವಾಗಿರಬೇಕೆಂದು ಕಣ್ಣು ಬೇಡುತ್ತದೆ. ಮೊದಲನೆಯದನ್ನು ಎಂಜಿನ್ ಉಚಿತವಾಗಿ ಕೊಡುತ್ತದೆ. ಉಳಿದವಕ್ಕೆ ಕಲಾವಿದರ ದಂಡೇ ಬೇಕು. ಜೊತೆಗೆ ಅಂಥ ಆಟ ಸರಾಗವಾಗಿ ಓಡಲು ದುಬಾರಿ ಗ್ರಾಫಿಕ್ಸ್ ಕಾರ್ಡ್ ಅಗತ್ಯ. ಸಾಧಾರಣ ಲ್ಯಾಪ್‌ಟಾಪ್ ಇರುವ ಬಹುಪಾಲು ಗ್ರಾಹಕರನ್ನು ಸಣ್ಣ ತಂಡವೊಂದು ಹೀಗೆ ತಾನಾಗಿಯೇ ಕಳೆದುಕೊಳ್ಳಬಹುದು.

ಬಾಡಿಗೆ ಮನೆಯ ಸಂಕಟ

ಸೃಜನಶೀಲತೆಯ ಪ್ರಶ್ನೆ ಕೊನೆಗೆ ಒಡೆತನದ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಮೈಕ್ರೋಸಾಫ್ಟ್ ಎಕ್ಸ್‌ಎನ್ಎ ಅಭಿವೃದ್ಧಿಯನ್ನು ನಿಲ್ಲಿಸಿರುವುದು 2013ರಲ್ಲಿ ಖಚಿತವಾಯಿತು. ಉತ್ಸಾಹಿಗಳು ಅದಕ್ಕೆ ಬದಲಿಯಾಗಿ ಮಾನೊಗೇಮ್, ಎಫ್ಎನ್ಎ ಮುಂತಾದ ಮುಕ್ತ ಚೌಕಟ್ಟುಗಳನ್ನು ಕಟ್ಟದಿದ್ದರೆ ಹಲವು ಆಟಗಳು ಅನಾಥವಾಗುತ್ತಿದ್ದವು. ಒಂದು ಇಡೀ ತಲೆಮಾರಿನ ಪುಟ್ಟ ಆಟಗಳಿಗೆ ಆಸರೆಯಾಗಿದ್ದ ಅಡೋಬಿ ಫ್ಲ್ಯಾಶ್ ತಂತ್ರಾಂಶ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು.

ಯೂನಿಟಿಯ ಶುಲ್ಕದ ಪ್ರಕರಣ ಈ ಸಾಲಿನಲ್ಲೇ ದೊಡ್ಡದು. ಮೊದಲ ಪ್ರಕಟಣೆಯಂತೆ ವರ್ಷಕ್ಕೆ 2 ಲಕ್ಷ ಡಾಲರ್ ಗಳಿಕೆ ಹಾಗೂ ಒಟ್ಟು 2 ಲಕ್ಷ ಅಳವಡಿಕೆ ದಾಟಿದ ಸಣ್ಣ ನಿರ್ಮಾಪಕರು ಪ್ರತಿ ಅಳವಡಿಕೆಗೆ 20 ಸೆಂಟ್ ಕೊಡಬೇಕಿತ್ತು. ಅಗ್ಗದ ಬೆಲೆಗೆ ಮಾರಿ ಹೆಚ್ಚು ಜನರನ್ನು ತಲುಪುವ ಆಟಗಳಿಗೆ ಇದು ಮಾರಕವಾಗಿತ್ತು. ಪ್ರತಿಭಟನೆ ಭುಗಿಲೆದ್ದಿತು. ಹತ್ತೇ ದಿನದಲ್ಲಿ ಸಂಸ್ಥೆ ನಿಯಮ ಸಡಿಲಿಸಿತು. ಅಕ್ಟೋಬರ್‌ನಲ್ಲಿ ಮುಖ್ಯಸ್ಥ ಜಾನ್ ರಿಕಿಟೆಲ್ಲೊ ನಿರ್ಗಮಿಸಿದರು. 2024ರ ಸೆಪ್ಟೆಂಬರ್‌ನಲ್ಲಿ ಶುಲ್ಕವೇ ಪೂರ್ತಿ ರದ್ದಾಯಿತು. ಆದರೆ ಒಡೆದ ನಂಬಿಕೆ ಸುಲಭಕ್ಕೆ ಕೂಡಲಿಲ್ಲ. 'ಸ್ಲೇ ದಿ ಸ್ಪೈರ್' ಖ್ಯಾತಿಯ ಮೆಗಾ ಕ್ರಿಟ್ ತಂಡ ಎರಡು ವರ್ಷದ ಕೆಲಸವಾಗಿದ್ದರೂ ತನ್ನ ಎರಡನೆಯ ಆಟವನ್ನು ಯೂನಿಟಿಯಿಂದ ಹೊರತಂದು 'ಗೊಡೊ' ಎಂಜಿನ್‌ಗೆ ಒಯ್ದಿತು.

ಗೊಡೊ, ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ ಮತ್ತು ಏರಿಯಲ್ ಮಂಜೂರ್ ಆರಂಭಿಸಿ, 2014ರಲ್ಲಿ ಸಾರ್ವಜನಿಕರಿಗೆ ಒಪ್ಪಿಸಿದ ಮುಕ್ತ ಎಂಜಿನ್. ಬೆಕೆಟ್‌ನ ಪ್ರಸಿದ್ಧ ನಾಟಕದಿಂದ ಹೆಸರು ಪಡೆದ ಇದಕ್ಕೆ ಶುಲ್ಕವಿಲ್ಲ, ಗೌರವಧನವಿಲ್ಲ. ಮೂಲ ಪ್ರೋಗ್ರಾಮನ್ನು ಯಾರಾದರೂ ತಿದ್ದಬಹುದು. ಯೂನಿಟಿ ವಿವಾದದ ಬಿಸಿಯಲ್ಲೇ 'ಟೆರೇರಿಯಾ' ಆಟದ ನಿರ್ಮಾಪಕ ಸಂಸ್ಥೆ ರಿ-ಲಾಜಿಕ್, ಗೊಡೊ ಮತ್ತು ಎಫ್ಎನ್ಎ ಎರಡಕ್ಕೂ ತಲಾ ಒಂದು ಲಕ್ಷ ಡಾಲರ್ ದೇಣಿಗೆ ನೀಡಿತು. ಕೊರತೆಗಳೂ ಇಲ್ಲದಿಲ್ಲ. ಪ್ಲೇಸ್ಟೇಷನ್‌ನಂಥ ಯಂತ್ರಗಳ ತಾಂತ್ರಿಕ ವಿವರಗಳು ಗೋಪ್ಯ ಒಪ್ಪಂದಕ್ಕೆ ಒಳಪಟ್ಟಿರುವುದರಿಂದ ಮುಕ್ತ ಎಂಜಿನ್ ಅವನ್ನು ತನ್ನಲ್ಲಿ ಸೇರಿಸಿಕೊಳ್ಳುವಂತಿಲ್ಲ. ಅದಕ್ಕೆ ಬೇರೆ ಸಂಸ್ಥೆಗಳ ನೆರವು ಬೇಕು.

ಕನ್ನಡದ ಅಕ್ಷರ ಮತ್ತು ಎಂಜಿನ್‌ನ ಮಿತಿ

ಎಂಜಿನ್ ಕಲ್ಪನೆಯ ಮೇಲೆ ಬೇಲಿ ಹಾಕುವ ಪರಿಯನ್ನು ಕನ್ನಡಿಗರಿಗೆ ಅರ್ಥ ಮಾಡಿಸಲು ದೂರ ಹೋಗಬೇಕಿಲ್ಲ. 'ಧರ್ಮ' ಎಂಬ ಪದವನ್ನು ತೆಗೆದುಕೊಳ್ಳಬಹುದು. ಕಂಪ್ಯೂಟರ್‌ನ ಸ್ಮೃತಿಯಲ್ಲಿ ರಕಾರ ಮಕಾರಕ್ಕಿಂತ ಮೊದಲು ದಾಖಲಾಗುತ್ತದೆ. ಪರದೆಯಲ್ಲಿ ಮಾತ್ರ ಅರ್ಕಾವೊತ್ತಾಗಿ ಮಕಾರದ ನಂತರ ಕಾಣಿಸಬೇಕು. ಒತ್ತಕ್ಷರ, ಗುಣಿತಾಕ್ಷರಗಳನ್ನು ಹೀಗೆ ಕೂಡಿಸಿ ತೋರಿಸಲು ಪ್ರತ್ಯೇಕ ತಂತ್ರಾಂಶ ಬೇಕು. ಯೂನಿಟಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ 'ಟೆಕ್ಸ್ಟ್‌ಮೆಶ್ ಪ್ರೊ' ಭಾರತೀಯ ಲಿಪಿಗಳಿಗೆ ಈ ಜೋಡಣೆಯನ್ನು ಮಾಡುತ್ತಿರಲಿಲ್ಲ. ಅಕ್ಷರಗಳು ಬಿಡಿಬಿಡಿಯಾಗಿ, ಕೊಂಬು ಒಂದೆಡೆ, ಒತ್ತು ಒಂದೆಡೆ ಚೆಲ್ಲಿ ಬೀಳುತ್ತಿದ್ದವು. ಕನ್ನಡದಲ್ಲಿ ಸಂಭಾಷಣೆ ಬೇಕೆಂದವರು ವಾಕ್ಯಗಳನ್ನು ಚಿತ್ರಗಳಾಗಿ ಅಂಟಿಸುವಂಥ ಅಡ್ಡದಾರಿ ಹಿಡಿಯಬೇಕಿತ್ತು. ಒಂದು ಪದ ತಿದ್ದಬೇಕಾದರೂ ಚಿತ್ರವನ್ನೇ ಮತ್ತೆ ತಯಾರಿಸಬೇಕು.

ಇಂಥ ತೊಡಕು ಎದುರಾದಾಗ ಹೆಚ್ಚಿನವರು ಇಂಗ್ಲಿಷ್‌ಗೆ ಶರಣಾಗುವುದು ಸಹಜ. ಮಾತಿನ ಮೇಲೆ ನಿಂತ ಆಟವೊಂದು ಕನ್ನಡದಲ್ಲಿ ಹುಟ್ಟುವ ಮುನ್ನವೇ ಸಲಕರಣೆಯ ಹೊಸ್ತಿಲಲ್ಲಿ ಮುಗ್ಗರಿಸುತ್ತದೆ. 2023ರ ಮಾರ್ಚ್‌ನಲ್ಲಿ ಬಂದ ಗೊಡೊ 4, 'ಹಾರ್ಫ್‌ಬಜ್' ಎಂಬ ಮುಕ್ತ ಲಿಪಿ ಜೋಡಣಾ ತಂತ್ರಾಂಶವನ್ನು ಅಳವಡಿಸಿಕೊಂಡು ಈ ತಡೆಯನ್ನು ನಿವಾರಿಸಿತು. ಯೂನಿಟಿ 6 ಕೂಡ ತನ್ನ ಹೊಸ ಪಠ್ಯ ವ್ಯವಸ್ಥೆಯಲ್ಲಿ ಅದೇ ದಾರಿ ಹಿಡಿದಿದೆ.

ಕರ್ನಾಟಕಕ್ಕೆ ಈ ಉದ್ಯಮ ಹೊಸದೇನಲ್ಲ. ದೇಶದ ಮೊದಲ ಗೇಮ್ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರ್‌ಆಕ್ಟಿವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ವಿದೇಶಿ ಆಟಗಳಿಗೆ ಕಲಾಕೆಲಸ ಮಾಡಿಕೊಡುತ್ತ ಬೆಳೆದು, 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ರಾಜ್ಯ ಸರಕಾರ 2012ರಲ್ಲಿ ನೀತಿಯೊಂದನ್ನು ಪ್ರಕಟಿಸಿತ್ತು. ಹೊರಗಿನವರಿಗೆ ಕೆಲಸ ಮಾಡಿಕೊಡುವ ಕೈಗಳು ಇಲ್ಲಿ ಹೇರಳವಾಗಿವೆ. ಉಚಿತ ಎಂಜಿನ್‌ಗಳು ತಂದಿರುವ ಅವಕಾಶವೆಂದರೆ, ಆ ಕೈಗಳು ತಮ್ಮದೇ ಕಥೆಗೆ ದುಡಿಯಬಹುದು ಎಂಬುದು. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ಅನ್‌ರಿಯಲ್ 4 ಬಳಸಿ ಪುರಾಣ ಮೂಲದ 'ರಾಜಿ' ಆಟವನ್ನು ಹೊರತಂದು ಈ ಹಾದಿಯನ್ನು ತೋರಿಸಿದೆ.

ಆಯ್ಕೆ ಹೇಗೆ?

ಹೊಸದಾಗಿ ಆಟ ರೂಪಿಸಹೊರಟವರು ಎಂಜಿನ್ ಆರಿಸುವ ಮುನ್ನ ಗಮನಿಸಬೇಕಾದ ಅಂಶಗಳು ಹಲವು. ತಮ್ಮ ಆಟದ ಮೂಲ ಕಲ್ಪನೆಗೆ ಆ ಎಂಜಿನ್ ಸಹಜವಾಗಿ ಒಗ್ಗುವುದೇ? ಆಡುವವರ ಯಂತ್ರ ಅದನ್ನು ತಾಳಬಲ್ಲದೇ? ಬರೆಯಬೇಕಾದ ಭಾಷೆಯ ಲಿಪಿ ಸರಿಯಾಗಿ ಮೂಡುವುದೇ? ಕರಾರು ನಡುವೆಯೇ ಬದಲಾದರೆ ಹೊರಬರುವ ದಾರಿಯಿದೆಯೇ?

ಒಮ್ಮೆ ಆರಿಸಿದ ಎಂಜಿನ್ ಜನ್ಮಕ್ಕಂಟಿದ ನಂಟೇನೂ ಅಲ್ಲ. ಲೂಕಾ ಗಲಾಂಟೆ ಎಂಬ ಇಟಲಿ ಮೂಲದ ನಿರ್ಮಾಪಕ 2021ರಲ್ಲಿ 'ವ್ಯಾಂಪೈರ್ ಸರ್ವೈವರ್ಸ್' ಆಟವನ್ನು ಅಂತರಜಾಲ ಪುಟಗಳಿಗಾಗಿ ಇರುವ 'ಫೇಸರ್' ಎಂಬ ಉಚಿತ ಚೌಕಟ್ಟಿನಲ್ಲಿ, ಹಿಂದೆಂದೋ ಕೊಂಡಿಟ್ಟಿದ್ದ ಸಿದ್ಧ ಚಿತ್ರಗಳನ್ನು ಬಳಸಿ ಆರಂಭಿಸಿದರು. 2023ರಲ್ಲಿ ಅದು ಬ್ರಿಟನ್‌ನ ಬಾಫ್ಟಾ ಶ್ರೇಷ್ಠ ಆಟ ಪ್ರಶಸ್ತಿಯನ್ನು ಘಟಾನುಘಟಿಗಳ ಎದುರು ಗೆದ್ದಿತು. ಆಟಗಾರರ ಸಂಖ್ಯೆಯೂ ಶತ್ರುಗಳ ಸಂಖ್ಯೆಯೂ ಬೆಳೆದು ಹಳೆಯ ಚೌಕಟ್ಟಿನ ಕಸುವು ಸಾಲದಾದಾಗ, ಅದೇ ವರ್ಷ ಆಟವನ್ನು ಯೂನಿಟಿಗೆ ವರ್ಗಾಯಿಸಲಾಯಿತು. ಮುಂದುವರಿದ ಎಂಜಿನ್ ಅಲ್ಲಿ ಬಂದದ್ದು ಎರಡನೆಯದಾಗಿ. ಆಡಿಸುವ ಗುಣ ಮೊದಲೇ ಸಿದ್ಧವಿತ್ತು.